ನಲವತ್ತು ಪುಟದ ಪಿಎಚ್‌ಡಿ (ಲ್ಯಾಬ್ ಕಥೆಗಳು, ಭಾಗ 6)

ಕಮಲಾ ಸೊಹೊನಿ ಹೆಸರು ಕೇಳಿದ್ದೀರಾ? ಕೇಳಿದ್ರೂ ಸಿ.ವಿ. ರಾಮನ್ ಅವರಿಗೆ ಎದುರು ನಿಂತ ಹುಡುಗಿ ಅಂತಲೇ ಕೇಳಿರ್ತೀರಿ. ಆ ಕಥೆ ಬೇಗ ಹೇಳಿ ಮುಗಿಸ್ತೀನಿ. ಅಸಲಿ ವಿಷಯ ಆಲೂಗಡ್ಡೆಯಲ್ಲಿದೆ.

1933. ಬಾಂಬೆಯಲ್ಲಿ ಬಿ.ಎಸ್ಸಿ. ಮುಗಿಸಿದ ಕಮಲಾ ಭಾಗವತ್ (ಮದುವೆಗೆ ಮುಂಚಿನ ಹೆಸರು) ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿಗೆ, ಅಂದ್ರೆ ಇವತ್ತಿನ ಐಐಎಸ್‌ಸಿಗೆ, ಅರ್ಜಿ ಹಾಕಿದರು. ನಿರ್ದೇಶಕರಾಗಿದ್ದ ರಾಮನ್ ಹೆಣ್ಣು ಅನ್ನೋ ಕಾರಣಕ್ಕೆ ಆಗಲ್ಲ ಅಂದರು. ಕಮಲಾ ನೇರವಾಗಿ ಹೋಗಿ ಪ್ರಶ್ನೆ ಮಾಡಿದರು. ಸೀಟು ಸಿಕ್ಕಿತು, ಷರತ್ತುಗಳ ಜೊತೆ. ಒಂದು ವರ್ಷ ಪ್ರೊಬೇಷನ್. ಗೈಡ್ ಹೇಳಿದರೆ ರಾತ್ರಿ ಎಷ್ಟು ಹೊತ್ತಾದರೂ ಕೆಲಸ. ಆಮೇಲೆ, ಗಂಡು ಹುಡುಗರ ಗಮನ ಕೆಡಿಸಬಾರದು! ಆ ಕೊನೆಯದನ್ನ ಇನ್ನೊಂದ್ಸಲ ಓದಿ. ಹುಡುಗರ ಗಮನ ಕೆಟ್ಟರೆ ತಪ್ಪು ಯಾರದ್ದು ಅಂತ ಮೊದಲೇ ತೀರ್ಮಾನ ಆಗಿತ್ತು. ರಾಮನ್ ದೊಡ್ಡ ವಿಜ್ಞಾನಿ, ಇದು ಸಣ್ಣತನ. ಎರಡೂ ನಿಜ.

ಗೈಡ್ ಶ್ರೀನಿವಾಸಯ್ಯನವರ ಕೈಕೆಳಗೆ ಹಾಲು, ಬೇಳೆಕಾಳುಗಳ ಪ್ರೋಟೀನ್ ಮೇಲೆ ಕೆಲಸ ಮಾಡಿ 1936ರಲ್ಲಿ ಎಂ.ಎಸ್ಸಿ. ಪಡೆದರು. ಅಲ್ಲಿಂದ ಕೇಂಬ್ರಿಜ್. ಅಲ್ಲಿ ರಾಬಿನ್ ಹಿಲ್ ಜೊತೆ ಸಸ್ಯಗಳ ಮೇಲೆ ಸಂಶೋಧನೆ. ಪಿಯುಸಿಯಲ್ಲಿ 'ಹಿಲ್ ರಿಯಾಕ್ಷನ್' ಓದಿರ್ತೀರಲ್ಲ, ಅದೇ ಹಿಲ್.

ಈಗ ಆಲೂಗಡ್ಡೆ. ಮನೆಗೆ ಮೋಲ್ಡ್ ಹಾಕೋ ದಿನ ಜನ ಸಾಲಾಗಿ ನಿಂತು ಕಾಂಕ್ರೀಟ್ ಬಾಂಡ್ಲಿಯನ್ನ ಕೈಯಿಂದ ಕೈಗೆ ದಾಟಿಸ್ತಾರೆ, ನೋಡಿದ್ದೀರಾ? ನಮ್ಮ ಜೀವಕೋಶದೊಳಗೂ ಹಾಗೇ. ಆಹಾರದಿಂದ ಬಂದ ಎಲೆಕ್ಟ್ರಾನುಗಳನ್ನು ಒಂದು ಪ್ರೋಟೀನ್ ಇನ್ನೊಂದಕ್ಕೆ ದಾಟಿಸುತ್ತಾ ಹೋಗುತ್ತೆ. ಸಾಲಿನ ತುದಿಯಲ್ಲಿ ನಾವು ಉಸಿರಾಡಿದ ಆಮ್ಲಜನಕ ಅವನ್ನ ತಗೊಂಡು ನೀರಾಗುತ್ತೆ. ಜೀವಕ್ಕೆ ಬೇಕಾದ ಶಕ್ತಿ ಬರೋದು ಈ ಸಾಲಿನಿಂದ. ಅಲ್ಲಿ ನಿಂತಿರೋ ಒಬ್ಬ ಆಳು ಸೈಟೋಕ್ರೋಮ್ ಸಿ, ಒಡಲಲ್ಲಿ ಒಂದು ಕಬ್ಬಿಣದ ಪರಮಾಣು ಇಟ್ಟುಕೊಂಡ ಪುಟ್ಟ ಪ್ರೋಟೀನ್. ಆಲೂಗಡ್ಡೆ ಮೇಲೆ ಕೆಲಸ ಮಾಡ್ತಾ ಕಮಲಾ ಇದನ್ನ ಸಸ್ಯಗಳಲ್ಲೂ ಕಂಡುಹಿಡಿದರು. ಅಂದ್ರೆ ನೀವು ಉಸಿರಾಡೋಕೆ ಬಳಸೋ ಸಾಮಾನನ್ನೇ ನಿಮ್ಮ ಪಲ್ಯದ ಆಲೂಗಡ್ಡೆಯೂ ಬಳಸುತ್ತೆ. ಥೀಸಿಸ್ ಎಷ್ಟು ದಪ್ಪ ಇತ್ತು ಗೊತ್ತಾ? 40 ಪುಟ, ಅಷ್ಟೇ. 1939ರಲ್ಲಿ ಪಿಎಚ್‌ಡಿ.

ಅದೇ ವರ್ಷ ವಾಪಸ್ ಬಂದರು. ದೆಹಲಿಯ ಲೇಡಿ ಹಾರ್ಡಿಂಜ್ ಕಾಲೇಜು, ಕೂನೂರಿನ ಪೌಷ್ಟಿಕತೆ ಪ್ರಯೋಗಾಲಯ, ಆಮೇಲೆ ಬಾಂಬೆಯ ರಾಯಲ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್. ಅಲ್ಲಿ ನಿರ್ದೇಶಕ ಹುದ್ದೆ ಸಿಕ್ಕಿತು, ಸಿಗಬೇಕಾದ್ದಕ್ಕಿಂತ ತುಂಬಾ ತಡವಾಗಿ. 1998ರಲ್ಲಿ ಐಸಿಎಂಆರ್ ದೆಹಲಿಯಲ್ಲಿ ಸನ್ಮಾನ ಇಟ್ಟುಕೊಂಡಿತ್ತು. ಆ ಸಮಾರಂಭದಲ್ಲೇ ಕುಸಿದರು, ಹೆಚ್ಚು ದಿನ ಉಳಿಯಲಿಲ್ಲ.

ಬಾಂಬೆಯಲ್ಲಿದ್ದಾಗ ಅವರು ತುಂಬಾ ಮನಸ್ಸಿಟ್ಟು ಮಾಡಿದ ಕೆಲಸ ನೀರಾ ಮೇಲೆ. ಹೌದು, ಮರದಿಂದ ಇಳಿಸಿ ಹುಳಿ ಬರೋ ಮುಂಚೆ ಕುಡೀತಾರಲ್ಲ, ಅದೇ. ಅದರಲ್ಲಿ ವಿಟಮಿನ್, ಕಬ್ಬಿಣದ ಅಂಶ ಇದೆ, ಅಪೌಷ್ಟಿಕತೆಯಿಂದ ನರಳೋ ಬುಡಕಟ್ಟು ಮಕ್ಕಳಿಗೆ, ಗರ್ಭಿಣಿಯರಿಗೆ ಕೊಟ್ಟರೆ ಆರೋಗ್ಯ ಸುಧಾರಿಸುತ್ತೆ ಅಂತ ತೋರಿಸಿದರು. ಈ ಕೆಲಸಕ್ಕೆ ರಾಷ್ಟ್ರಪತಿ ಪ್ರಶಸ್ತಿ ಬಂತು.

ನಿಮ್ಮೂರಲ್ಲಿ ನೀರಾ ಸಿಗುತ್ತಾ? ಕಾಮೆಂಟಲ್ಲಿ ಊರ ಹೆಸರು ಹಾಕಿ.