ಮಡಚದ ಕಾಲುಗಳು



ಶೆಟ್ಟಿಕೆರೆಯ ತೆಂಗಿನ ತೋಟಗಳ ಮೇಲೆ ವಿಮಾನ ಹಾದುಹೋದರೆ ತರಗತಿಯ ಪಾಠ ತಾನಾಗಿಯೇ ನಿಲ್ಲುತ್ತಿತ್ತು. ಹಾಗೆ ನಿಂತ ಒಂದು ದಿನ ಹಿಂದಿನ ಬೆಂಚಿನಿಂದ ಪ್ರಶ್ನೆಯೊಂದು ಬಂತು: “ಸಾರ್, ಇಳಿಯುವಾಗ ಚಕ್ರ ಹೊರಗೆ ಬಾರದಿದ್ದರೆ?” ನಾನು ನಕ್ಕು ಪಾಠ ಮುಂದುವರಿಸಿದೆ. ಉತ್ತರ ನನಗೆ ತಿಳಿದಿರಲಿಲ್ಲ ಎಂಬುದೇ ನಿಜ. ಆ ಋಣವನ್ನು ಇಂದು ತೀರಿಸುತ್ತಿದ್ದೇನೆ.

2023ರ ಜುಲೈ 11ರಂದು ಬೆಂಗಳೂರಿನ ಎಚ್‌ಎಎಲ್ ನಿಲ್ದಾಣದಿಂದ ಮೇಲೇರಿದ ಪುಟ್ಟ ಜೆಟ್ ವಿಮಾನವೊಂದರ ಮುಂಚಕ್ರ ಕೈಕೊಟ್ಟಿತು. ವಿಮಾನವು ಹಿಂದಿರುಗಿ, ಮುಂಚಕ್ರವಿಲ್ಲದೆಯೇ ಇಳಿಯಿತು. ಪ್ರಯಾಣಿಕರಿರಲಿಲ್ಲ, ಇಬ್ಬರು ಪೈಲಟ್‌ಗಳೂ ಸುರಕ್ಷಿತವಾಗಿದ್ದರು.

ಚಕ್ರಗಳನ್ನು ಒಳಗೆ ಮಡಚುವುದು ಗಾಳಿಯ ತಡೆಯನ್ನು ಕಡಿಮೆ ಮಾಡಲು. ಆದರೆ ಮಡಚುವ ಕಾಲಿಗೆ ಪಂಪು, ಕೀಲು, ಬೀಗ, ಸೂಚಕ ದೀಪ ಎಲ್ಲವೂ ಬೇಕು. ಒಂದೊಂದೂ ಕೆಡಬಹುದು. ಯಾವುದೂ ಕೆಡದಿದ್ದರೂ, ಹೊಸದಾಗಿ ಕಲಿಯುವವನು ಚಕ್ರ ಇಳಿಸುವುದನ್ನೇ ಮರೆಯಬಹುದು.

ಸ್ವತಂತ್ರ ಭಾರತ ತನ್ನ ತರುಣರಿಗೆ ಹಾರಾಟ ಕಲಿಸಲು ಹೊರಟಾಗ, ಡಾ. ವಿ. ಎಂ. ಘಾಟಗೆಯವರ ನೇತೃತ್ವದಲ್ಲಿ ಬೆಂಗಳೂರಿನಲ್ಲಿ ರೂಪುಗೊಂಡ ಎಚ್‌ಟಿ-2 ವಿಮಾನವು 1951ರ ಆಗಸ್ಟ್‌ನಲ್ಲಿ ಮೊದಲ ಬಾರಿ ಹಾರಿತು. ಅದರ ಕಾಲುಗಳು ಮಡಚುತ್ತಿರಲಿಲ್ಲ: ಮುಂದೆ ಎರಡು ಚಕ್ರ, ಬಾಲದಡಿ ಒಂದು. ಮರೆಯುವ ಭಯವಿರಲಿಲ್ಲ. ಆದರೆ ಬಾಲಚಕ್ರದ ವಿಮಾನವು ನೆಲ ಮುಟ್ಟಿದ ಮೇಲೆ ಎಚ್ಚರ ತಪ್ಪಿದರೆ ಗಿರಕ್ಕನೆ ತಿರುಗಿಬಿಡುತ್ತದೆ. 1977ರಲ್ಲಿ ಮೊದಲು ಹಾರಿದ ಎಚ್‌ಪಿಟಿ-32 ‘ದೀಪಕ್’ಗೆ ಬಾಲದ ಬದಲು ಮೂಗಿನಡಿ ಚಕ್ರ ಬಂತು, ಕಾಲುಗಳು ಮಾತ್ರ ಸ್ಥಿರವಾಗಿಯೇ ಉಳಿದವು.

ಗಟ್ಟಿ ಕಾಲೊಂದೇ ರಕ್ಷೆಯಲ್ಲ ಎಂಬುದನ್ನೂ ಅದೇ ದೀಪಕ್ ಕಲಿಸಿತು. ಹಾರಾಟದ ನಡುವೆ ಅದರ ಎಂಜಿನ್ ನಿಂತುಹೋಗುವ ತೊಂದರೆ ಕಾಡುತ್ತಿತ್ತು. 2009ರಲ್ಲಿ ಇಬ್ಬರು ಪೈಲಟ್‌ಗಳನ್ನು ಬಲಿತೆಗೆದುಕೊಂಡ ಅಪಘಾತದ ಬಳಿಕ ಅದರ ಹಾರಾಟ ನಿಂತಿತು. 2016ರ ಮೇ 31ರಂದು ಬೆಂಗಳೂರಿನಲ್ಲಿ ಮೊದಲು ಹಾರಿದ ಎಚ್‌ಟಿಟಿ-40 ತರಬೇತಿ ವಿಮಾನದ ಕಾಲುಗಳು ಮಡಚುತ್ತವೆ. ಮುಂದೆ ಯುದ್ಧವಿಮಾನ ನಡೆಸಬೇಕಾದವನು ಚಕ್ರ ಇಳಿಸುವ ಶಿಸ್ತನ್ನು ಮೊದಲೇ ಕಲಿಯಬೇಕಲ್ಲವೆ?

ಇದನ್ನು ಓದುವಾಗ ನನ್ನ ವೃತ್ತಿಯೇ ಕಣ್ಣ ಮುಂದೆ ಬಂತು. ಕಲಿಯುವವನ ತಪ್ಪು ಅವನ ಜೀವಕ್ಕೆ ಎರವಾಗದಂತೆ ಮೊದಲು ನೋಡಿಕೊಳ್ಳಬೇಕು. ಕಷ್ಟವನ್ನು ಆಮೇಲೆ ಒಂದೊಂದಾಗಿ ಕೂಡಿಸಬೇಕು. ಇದನ್ನು ನಾನು ಎಷ್ಟೋ ಬಾರಿ ಮರೆತಿದ್ದೇನೆ. ಪ್ರಶ್ನೆ ಕೇಳಿದ ಹುಡುಗನನ್ನು ನಗುವಿನಿಂದ ಕೂರಿಸಿದ್ದೂ ಅಂಥದೇ ಮರೆವು.

ನಮ್ಮ ನೆರೆಯ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 2023ರ ಫೆಬ್ರವರಿ 6ರಂದು ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾಯಿತು. ಅಲ್ಲಿ ತಯಾರಿಕೆಗೆ ಆರಿಸಿಕೊಂಡ ಲಘು ಹೆಲಿಕಾಪ್ಟರಿಗೆ ಚಕ್ರವೇ ಇಲ್ಲ. ಎರಡು ಸ್ಥಿರ ಕೊಳವೆಗಳ ಮೇಲೆ ಕೂರುತ್ತದೆ.

ಇನ್ನು ಆ ಹುಡುಗನಿಗೆ ಉತ್ತರ. ಚಕ್ರ ಬಾರದಿದ್ದರೆ ತುರ್ತು ವ್ಯವಸ್ಥೆಯಿಂದ ಇಳಿಸಲು ಯತ್ನಿಸುತ್ತಾರಪ್ಪ. ಆಗದಿದ್ದರೆ, ಸಮಯವಿದ್ದಲ್ಲಿ, ಸುತ್ತು ಹಾಕಿ ಇಂಧನ ಕಳೆಯುತ್ತಾರೆ. ಬಳಿಕ ಸುರಕ್ಷಿತವಾದಷ್ಟು ಕಡಿಮೆ ವೇಗದಲ್ಲಿ ಇಳಿಸುತ್ತಾರೆ. ಕೆಟ್ಟಿರುವುದು ಮುಂಚಕ್ರವೊಂದೇ ಆದರೆ ಮೂಗನ್ನು ಕೊನೆಯವರೆಗೂ ಎತ್ತಿಹಿಡಿಯುತ್ತಾರೆ. ಲೋಹ ಸವೆಯುತ್ತದೆ, ಎದೆಗುಂದದಿದ್ದರೆ ಮನುಷ್ಯರು ಬಹುಮಟ್ಟಿಗೆ ಉಳಿಯುತ್ತಾರೆ.

ಉತ್ತರ ತಡವಾಯಿತು, ಕ್ಷಮಿಸು.