ಪಾದರಸದ ಕಂಬ ಮತ್ತು ಧಾತು ಈಶ್ವರ ಬರ

ಪೆರ್ಡೂರಿನ ಮನೆಯ ಮಾಡಿನ ಪಕ್ಕ ಪುಟ್ಟ ಹವಾಮಾನ ಕೇಂದ್ರ ತಗುಲಿಸಿ, ಬೆಂಗಳೂರಿನ ಆಫೀಸಲ್ಲಿ ಕೂತು ಊರಿನ ಮಳೆಯನ್ನು ಮೊಬೈಲಲ್ಲಿ ನೋಡೋದು ಈಗ ಸುಲಭ. ತಕರಾರು ಬರೋದು ಗಾಳಿಯ ಒತ್ತಡದಲ್ಲಿ. ಮಂಗಳೂರಲ್ಲಿ 1009 ಹೆಕ್ಟೋಪಾಸ್ಕಲ್ ಅಂದರೆ ನಿಮ್ಮ ಯಂತ್ರ 1000 ಅನ್ನುತ್ತೆ. ಯಂತ್ರ ಕೆಟ್ಟಿರಬೇಕು ಅನ್ಕೊಳ್ಳಬೇಡಿ. ಈ ತಕರಾರಿಗೆ ದೊಡ್ಡ ಇತಿಹಾಸವಿದೆ.

ಇಟಲಿಯ ಟೊರಿಚೆಲ್ಲಿ 1640ರ ದಶಕದಲ್ಲಿ ಪಾದರಸದ ಕೊಳವೆಯಿಂದ ಗಾಳಿಗೂ ತೂಕವಿದೆ ಎಂದು ತೋರಿಸಿದ. 1648ರಲ್ಲಿ ಪಾಸ್ಕಲ್ ತನ್ನ ಭಾವನನ್ನು ಫ್ರಾನ್ಸಿನ ಬೆಟ್ಟವೊಂದಕ್ಕೆ ಹತ್ತಿಸಿದ. ಮೇಲೇರಿದಂತೆ ಪಾದರಸ ಇಳಿಯಿತು. ನಮ್ಮ ಕರಾವಳಿಯಲ್ಲಿ ಸುಮಾರು 9 ಮೀಟರ್ ಏರಿದರೆ 1 ಹೆಕ್ಟೋಪಾಸ್ಕಲ್ ಕಡಿಮೆಯಾಗುತ್ತೆ. 920 ಮೀಟರ್ ಎತ್ತರದ ಬೆಂಗಳೂರಲ್ಲಿ ಒತ್ತಡ ಬರೀ 910ರ ಆಸುಪಾಸು. ಹಾಗಾಗಿ ಎರಡು ಊರುಗಳನ್ನು ಹೋಲಿಸಬೇಕಾದರೆ ಎರಡನ್ನೂ ಲೆಕ್ಕದಲ್ಲಿ ಸಮುದ್ರಮಟ್ಟಕ್ಕೆ ಇಳಿಸಲೇಬೇಕು.

1864ರಲ್ಲಿ ಕಲ್ಕತ್ತಾಕ್ಕೆ ಭೀಕರ ಚಂಡಮಾರುತ ಬಡಿಯಿತು. 1866 ಮತ್ತು 1871ರಲ್ಲಿ ಮುಂಗಾರು ಕೈಕೊಟ್ಟಿತು. ಕೊನೆಗೆ 1875ರಲ್ಲಿ ಭಾರತದ ಹವಾಮಾನ ಇಲಾಖೆ ಹುಟ್ಟಿತು, ಹೆನ್ರಿ ಬ್ಲಾನ್‌ಫೋರ್ಡ್ ಅದರ ಮೊದಲ ಮುಖ್ಯಸ್ಥನಾದ. ಚದುರಿಹೋಗಿದ್ದ ಕೇಂದ್ರಗಳ ಅಂಕಿಗಳನ್ನು ಒಂದೇ ಅಳತೆಗೆ ತರುವುದು ದೊಡ್ಡ ಕೆಲಸವಾಗಿತ್ತು. ಕೊಳವೆಯ ದೋಷ, ಸೆಖೆಗೆ ಹಿಗ್ಗುವ ಪಾದರಸ, ಜಾಗದ ಎತ್ತರ, ಇವೆಲ್ಲವನ್ನೂ ಕೂಡಿ ಕಳೆಯಬೇಕಿತ್ತು.

ಮರುವರ್ಷವೇ ಧಾತು ಈಶ್ವರ ಬರ ಬಂತು. 1871ರ ಜನಗಣತಿಯಲ್ಲಿ ಮೈಸೂರು ಸಂಸ್ಥಾನದಲ್ಲಿದ್ದವರು ಸುಮಾರು 50 ಲಕ್ಷ, 1881ರಲ್ಲಿ ಉಳಿದವರು 42 ಲಕ್ಷ. ಆ ಬರದ ವರ್ಷಗಳಲ್ಲಿ ಭಾರತದ ಮೇಲೆ ಗಾಳಿಯ ಒತ್ತಡ ಮಾಮೂಲಿಗಿಂತ ಹೆಚ್ಚಿದ್ದನ್ನು ಬ್ಲಾನ್‌ಫೋರ್ಡ್ ಗಮನಿಸಿದ. ಬೇರೆ ದೇಶಗಳ ಅಂಕಿ ತರಿಸಿ ನೋಡಿದರೆ ಆಸ್ಟ್ರೇಲಿಯಾದಲ್ಲೂ ಅದೇ ಕಥೆ!

1890ರ ದಶಕದಲ್ಲಿ ಮೈಸೂರು ಸಂಸ್ಥಾನವೂ ಬೆಂಗಳೂರು, ಮೈಸೂರು, ಹಾಸನ, ಚಿತ್ರದುರ್ಗಗಳಲ್ಲಿ ಹವಾಮಾನ ದಾಖಲಿಸತೊಡಗಿತು. ವರದಿಗಳನ್ನು ಬರೆದವರು ಸೆಂಟ್ರಲ್ ಕಾಲೇಜಿನ ಜಾನ್ ಕುಕ್. ಇತ್ತ ಸಿಮ್ಲಾದಲ್ಲಿ ಗಿಲ್ಬರ್ಟ್ ವಾಕರ್ ಮತ್ತು ಆತನ ಭಾರತೀಯ ಗುಮಾಸ್ತರು ಲೋಕದ ಒತ್ತಡದ ಅಂಕಿಗಳನ್ನೆಲ್ಲ ಕೈಲೆಕ್ಕದಲ್ಲೇ ಹೋಲಿಸಿದರು. ಪೆಸಿಫಿಕ್ ಕಡೆ ಒತ್ತಡ ಏರಿದರೆ ಹಿಂದೂ ಮಹಾಸಾಗರದ ಕಡೆ ಇಳಿಯುವ ತೂಗುಯ್ಯಾಲೆಗೆ ವಾಕರ್ 1920ರ ದಶಕದಲ್ಲಿ 'ದಕ್ಷಿಣದ ಆಂದೋಲನ' ಎಂಬ ಹೆಸರಿಟ್ಟ. ಇವತ್ತು ನ್ಯೂಸಲ್ಲಿ ಬರುವ ಎಲ್ ನಿನೊದ ಇನ್ನೊಂದು ಮುಖ ಅದೇ.

ಆ ತೂಗುಯ್ಯಾಲೆಯ ಏರಿಳಿತ ಎಷ್ಟು ಗೊತ್ತಾ? ತಿಂಗಳ ಸರಾಸರಿಯಲ್ಲಿ ಒಂದೆರಡು ಹೆಕ್ಟೋಪಾಸ್ಕಲ್, ಅಷ್ಟೇ. ಮನೆಯ ಎತ್ತರವನ್ನು 20 ಮೀಟರ್ ತಪ್ಪಾಗಿ ತುಂಬಿದರೆ ನಿಮ್ಮ ಅಂಕಿ ಅದಕ್ಕಿಂತ ಹೆಚ್ಚೇ ಅತ್ತಿತ್ತ ಆಗುತ್ತೆ.

ಆದ್ದರಿಂದ ಪೆಟ್ಟಿಗೆಯಿಂದ ತೆಗೆದ ದಿನವೇ ಸೆಟ್ಟಿಂಗ್ಸಲ್ಲಿ ಯಂತ್ರವಿರುವ ಜಾಗದ ನಿಜವಾದ ಎತ್ತರ ಹಾಕಿ, ಊರಿನ ಸರಾಸರಿ ಎತ್ತರ ಬೇಡ. ಗಾಳಿ ಮಳೆ ಇಲ್ಲದ ನಾಲ್ಕೈದು ದಿನ ಬಜ್ಪೆ ವಿಮಾನ ನಿಲ್ದಾಣದ ಸಮುದ್ರಮಟ್ಟದ ಅಂಕಿಯೊಂದಿಗೆ ತಾಳೆ ನೋಡಿ. ಹೊತ್ತು ಒಂದೇ ಇರಲಿ. ನಮ್ಮಲ್ಲಿ ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರೊಳಗೆ ಒತ್ತಡ ತಾನಾಗೇ 3ರಷ್ಟು ಇಳಿಯುತ್ತೆ. ವ್ಯತ್ಯಾಸ ದಿನಾ ಒಂದೇ ಥರ ಬಂದರೆ ಅಷ್ಟನ್ನು ಮಾತ್ರ ಸರಿಪಡಿಸಿ, ಆಮೇಲೆ ಮುಟ್ಟಬೇಡಿ. ಹತ್ತು ವರ್ಷ ಬಿಟ್ಟು ಯಾರಾದರೂ ಪೆರ್ಡೂರಿನ ಅಂಕಿ ಕೇಳಿದರೆ ಧೈರ್ಯವಾಗಿ ಕೊಡಬಹುದು.