ರಾತ್ರಿ ಮಲಗಿದ್ರೆ ಕಾಲು ಸುಮ್ಮನಿರಲ್ವಾ? ನೋವಿನ ಮಾತ್ರೆಗೂ ಮುನ್ನ ಕಬ್ಬಿಣಾಂಶ ನೋಡಿಸಿ

ದಿನವಿಡೀ ಅಂಗಡಿಯಲ್ಲಿ ನಿಂತು ವ್ಯಾಪಾರ ಮಾಡುವಾಗ ಇಲ್ಲದ ತೊಂದರೆ, ರಾತ್ರಿ ಶಟರ್ ಎಳೆದು ಮನೆಗೆ ಬಂದು ಹಾಸಿಗೆಗೆ ಬೆನ್ನು ಕೊಟ್ಟ ಕೂಡಲೇ ಶುರುವಾಗುತ್ತೆ. ಮೀನಖಂಡದ ಒಳಗೆ ಏನೋ ಹರಿದಾಡಿದ ಹಾಗೆ, ಯಾರೋ ಒಳಗಿಂದ ಎಳೆದ ಹಾಗೆ, ಇರುವೆ ಓಡಾಡಿದ ಹಾಗೆ. ನೋವು ಅಂತ ಹೇಳೋಕೆ ಆಗಲ್ಲ, ಸುಮ್ಮನೆ ಇರೋಕೂ ಆಗಲ್ಲ. ಕಾಲು ಝಾಡಿಸಿದರೆ, ಎದ್ದು ನಾಲ್ಕು ಹೆಜ್ಜೆ ನಡೆದರೆ ಹಾಯೆನಿಸುತ್ತೆ. ಮತ್ತೆ ಮಲಗಿದರೆ ಮತ್ತೆ ಅದೇ ಕಥೆ.

ಇದನ್ನು ಕಾಲು ಸೇದೋದು, ಕಾಲು ಎಳೆತ ಅಂತ ಹಲವು ಹೆಸರಿನಲ್ಲಿ ಜನ ಹೇಳಿಕೊಳ್ಳುತ್ತಾರೆ. ವಾಯು ಇರಬೇಕು, ಸುಸ್ತು ಇರಬೇಕು, ವಯಸ್ಸಾಯ್ತು ಅಂತ ಸುಮ್ಮನಾಗುವವರು ಬಹಳ. ಆದರೆ ವೈದ್ಯಕೀಯದಲ್ಲಿ ಇದಕ್ಕೊಂದು ಹೆಸರಿದೆ, ರೆಸ್ಟ್‌ಲೆಸ್ ಲೆಗ್ಸ್ ಸಿಂಡ್ರೋಮ್. 17ನೇ ಶತಮಾನದಲ್ಲೇ ಇಂಗ್ಲೆಂಡಿನ ವೈದ್ಯ ಥಾಮಸ್ ವಿಲ್ಲಿಸ್ ಇದರ ಬಗ್ಗೆ ಬರೆದಿದ್ದರು. 1945ರಲ್ಲಿ ಸ್ವೀಡನ್ನಿನ ನರರೋಗ ತಜ್ಞ ಕಾರ್ಲ್ ಆಕ್ಸೆಲ್ ಎಕ್‌ಬೊಮ್ ವಿವರವಾಗಿ ದಾಖಲಿಸಿದರು. ಹಾಗಾಗಿ ಇದು ಮನಸ್ಸಿನ ಭ್ರಮೆಯೂ ಅಲ್ಲ, ಸೋಮಾರಿತನದ ನೆಪವೂ ಅಲ್ಲ.

ಗೊತ್ತಿರಬೇಕಾದ ಮುಖ್ಯ ವಿಷಯ ಎರಡು. ಒಂದು, ಬಹಳ ಜನರಲ್ಲಿ ಇದರ ಹಿಂದೆ ಕಬ್ಬಿಣಾಂಶದ ಕೊರತೆ ಇರುತ್ತೆ. ಹಿಮೋಗ್ಲೋಬಿನ್ ಸರಿ ಇದ್ದರೂ ಈ ಕೊರತೆ ಇರಬಹುದು. ಎರಡು, ನಿದ್ದೆ ಬರಲಿ ಅಂತ ಮೆಡಿಕಲ್ ಶಾಪಿನಲ್ಲಿ ಕೇಳಿ ನುಂಗುವ ಕೆಲವು ಮಾತ್ರೆಗಳೇ ಕಾಲಿನ ತೊಂದರೆಯನ್ನು ಜಾಸ್ತಿ ಮಾಡುತ್ತವೆ.

ಗುರುತು ಹಿಡಿಯೋದು ಹೇಗೆ?

ಇದಕ್ಕೆ ಸ್ಕ್ಯಾನಿಂಗ್, ಎಕ್ಸ್‌ರೇ ಬೇಕಿಲ್ಲ. ರೋಗಿ ಹೇಳುವ ಮಾತಿನ ಮೇಲೆಯೇ ವೈದ್ಯರು ನಿರ್ಧರಿಸುತ್ತಾರೆ. ಅವರು ನೋಡುವ ಅಂಶಗಳು ಇವು:

1. ಕಾಲು ಆಡಿಸಲೇಬೇಕು ಅನ್ನುವ ತಡೆಯಲಾಗದ ಒತ್ತಡ, ಸಾಮಾನ್ಯವಾಗಿ ಜೊತೆಗೊಂದು ಕಿರಿಕಿರಿ.
2. ಕೂತಾಗ, ಮಲಗಿದಾಗ ಶುರು ಅಥವಾ ಜಾಸ್ತಿ. ರಾತ್ರಿ ಬಸ್ ಪ್ರಯಾಣದಲ್ಲಿ, ಮದುವೆ ಮಂಟಪದಲ್ಲಿ, ಸಿನಿಮಾದಲ್ಲಿ ಕೂರೋಕಾಗದೆ ಒದ್ದಾಡುವುದು.
3. ಆಡಿಸಿದರೆ, ನಡೆದರೆ ಆ ಹೊತ್ತಿಗೆ ಕಡಿಮೆ.
4. ಸಂಜೆ, ರಾತ್ರಿ ಜಾಸ್ತಿ. ಬೆಳಗ್ಗೆ ಬಹುತೇಕ ಇಲ್ಲ.
5. ಬೇರೆ ಕಾಯಿಲೆಯಿಂದ ಹೀಗಾಗುತ್ತಿಲ್ಲ ಅನ್ನೋದು ಖಾತ್ರಿಯಾಗಿರಬೇಕು.

ಹಲವರಿಗೆ ನಿದ್ದೆಯಲ್ಲೂ ಕಾಲು ಆಗಾಗ ಜಗ್ಗುತ್ತಿರುತ್ತೆ. ಮಲಗಿದವರಿಗೆ ಗೊತ್ತೇ ಇರಲ್ಲ, ಪಕ್ಕದಲ್ಲಿ ಮಲಗಿದವರಿಗೆ ಒದೆ ಬಿದ್ದಾಗಲೇ ಗೊತ್ತಾಗೋದು. ಆಸ್ಪತ್ರೆಗೆ ಹೋಗುವಾಗ ಮನೆಯವರನ್ನು ಜೊತೆಗೆ ಕರೆದುಕೊಂಡು ಹೋದರೆ ಒಳ್ಳೆಯದು.

ಎಲ್ಲ ಕಾಲು ತೊಂದರೆಯೂ ಇದೇ ಅಲ್ಲ

ಮಧ್ಯರಾತ್ರಿ ಮೀನಖಂಡ ಕಲ್ಲಿನಂತೆ ಗಂಟು ಕಟ್ಟಿ ಜೀವ ಹೋಗುವಷ್ಟು ನೋವಾದರೆ ಅದು ಸ್ನಾಯು ಸೆಳೆತ. ಪಾದ ಉರಿ, ಜೋಮು, ಚಪ್ಪಲಿ ಜಾರಿದ್ದೂ ಗೊತ್ತಾಗದಿರುವುದು ಇದ್ದರೆ ಸಕ್ಕರೆ ಕಾಯಿಲೆಯಿಂದ ನರ ಹಾಳಾಗಿರಬಹುದು. ನಿಂತೇ ಕೆಲಸ ಮಾಡುವವರಿಗೆ ಕಾಲಿನಲ್ಲಿ ನರ ಉಬ್ಬಿ, ಸಂಜೆಗೆ ಕಾಲು ಭಾರವಾಗಿ, ಎತ್ತಿಟ್ಟುಕೊಂಡರೆ ಕಡಿಮೆಯಾದರೆ ಅದು ವೆರಿಕೋಸ್ ವೇನ್ಸ್. ನಡೆದಾಗ ನೋವು ಬಂದು ನಿಂತರೆ ಹೋದರೆ ರಕ್ತನಾಳದ ತೊಂದರೆ ಇರಬಹುದು. ರೆಸ್ಟ್‌ಲೆಸ್ ಲೆಗ್ಸ್ ಇದಕ್ಕೆ ಪೂರ್ತಿ ಉಲ್ಟಾ, ನಿಂತರೆ ತೊಂದರೆ, ನಡೆದರೆ ಆರಾಮ.

ಕೂತಲ್ಲೇ ಕಾಲು ಅಲ್ಲಾಡಿಸುವ ಹುಡುಗರಿಗೆ ಹಿರಿಯರು ಬೈಯುತ್ತಾರಲ್ಲ, ಅದು ಬರೀ ಅಭ್ಯಾಸ. ಅವರಿಗೆ ಬೇಕೆಂದರೆ ನಿಲ್ಲಿಸಬಹುದು. ಈ ಕಾಯಿಲೆಯವರಿಗೆ ನಿಲ್ಲಿಸಿದಷ್ಟೂ ಒಳಗಿನ ಕಿರಿಕಿರಿ ಏರುತ್ತೆ.

ಯಾಕೆ ಬರುತ್ತೆ, ಯಾರಿಗೆ ಬರುತ್ತೆ?

ಕಾಲಿನಲ್ಲಿ ಕಾಣಿಸಿದರೂ ಇದರ ಮೂಲ ಮೆದುಳಿನಲ್ಲಿದೆ. ದೇಹದ ಚಲನೆಯನ್ನು ಹದದಲ್ಲಿಡುವ ಡೋಪಮೈನ್ ಅನ್ನುವ ರಾಸಾಯನಿಕ ಸರಿಯಾಗಿ ಕೆಲಸ ಮಾಡಲು ಕಬ್ಬಿಣಾಂಶ ಬೇಕು. ಮೆದುಳಿಗೆ ಕಬ್ಬಿಣಾಂಶ ಸಾಲದೆ ಹೋದಾಗ ಈ ವ್ಯವಸ್ಥೆ ತಪ್ಪುತ್ತೆ ಎಂಬುದು ಈಗಿನ ತಿಳಿವಳಿಕೆ. ವಂಶದಿಂದಲೂ ಬರುತ್ತೆ. ಅಪ್ಪನಿಗೋ ಅಮ್ಮನಿಗೋ ಇದ್ದರೆ ಮಕ್ಕಳಿಗೆ ಬರುವ ಸಾಧ್ಯತೆ ಹೆಚ್ಚು.

ಹೆಂಗಸರಲ್ಲಿ ಇದು ಜಾಸ್ತಿ. ಗರ್ಭಿಣಿಯರಿಗೆ ಕೊನೆಯ ಮೂರು ತಿಂಗಳಲ್ಲಿ ಹೆಚ್ಚಾಗಿ ಕಾಣಿಸಿ, ಹೆರಿಗೆ ಆದ ಮೇಲೆ ಬಹುತೇಕರಿಗೆ ಹೋಗುತ್ತೆ. ಕಿಡ್ನಿ ತೊಂದರೆ ಇದ್ದು ಡಯಾಲಿಸಿಸ್ ಮಾಡಿಸುವವರಲ್ಲೂ ಸಾಮಾನ್ಯ. ಮುಟ್ಟಿನ ರಕ್ತಸ್ರಾವ ಜಾಸ್ತಿ ಇರುವವರು, ಮೂಲವ್ಯಾಧಿಯಲ್ಲಿ ರಕ್ತ ಹೋಗುವವರು, ವರ್ಷಕ್ಕೆ ಹಲವು ಸಲ ರಕ್ತದಾನ ಮಾಡುವವರು, ಮಂಡಿ ನೋವಿಗೆ ದಿನಾ ನೋವಿನ ಮಾತ್ರೆ ನುಂಗಿ ಹೊಟ್ಟೆಯೊಳಗೆ ಹುಣ್ಣಾಗಿರುವವರು, ಇವರೆಲ್ಲರಿಗೂ ಕಬ್ಬಿಣಾಂಶ ಗೊತ್ತಿಲ್ಲದೆ ಸೋರಿ ಹೋಗುತ್ತಿರುತ್ತೆ.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ. 57 ಮಂದಿಗೆ ರಕ್ತಹೀನತೆ ಇದೆ. ಅಡುಗೆ, ಪಾತ್ರೆ ಎಲ್ಲ ಮುಗಿಸಿ ಹಾಸಿಗೆ ಸೇರಿ, ರಾತ್ರಿಯೆಲ್ಲ ಕಾಲು ಒತ್ತಿಕೊಂಡು ಕೂರುವ ಹೆಣ್ಣುಮಕ್ಕಳ ತೊಂದರೆಯನ್ನು ಮನೆಯವರು ಲಘುವಾಗಿ ತೆಗೆದುಕೊಳ್ಳಬಾರದು.

ಹಿಮೋಗ್ಲೋಬಿನ್ ಒಂದೇ ಸಾಲದು

ಎಷ್ಟೋ ಜನ ರಕ್ತ ಪರೀಕ್ಷೆ ಮಾಡಿಸಿ, ‘ಹಿಮೋಗ್ಲೋಬಿನ್ 12 ಇದೆ, ಏನೂ ತೊಂದರೆ ಇಲ್ಲ’ ಅಂತ ವಾಪಸ್ ಬರುತ್ತಾರೆ. ಅಂಗಡಿ ಲೆಕ್ಕದಲ್ಲಿ ಹೇಳೋದಾದರೆ ಹಿಮೋಗ್ಲೋಬಿನ್ ಅಂದ್ರೆ ಗಲ್ಲಾಪೆಟ್ಟಿಗೆಯ ಚಿಲ್ಲರೆ, ಫೆರಿಟಿನ್ ಅಂದ್ರೆ ಗೋದಾಮಿನ ದಾಸ್ತಾನು. ದಾಸ್ತಾನು ಖಾಲಿಯಾಗುತ್ತಾ ಬಂದರೂ ಗಲ್ಲಾದಲ್ಲಿ ಸ್ವಲ್ಪ ದಿನ ದುಡ್ಡು ಓಡಾಡುತ್ತೆ. ಅದಕ್ಕೇ ಸೀರಮ್ ಫೆರಿಟಿನ್ ಮತ್ತು ಟ್ರಾನ್ಸ್‌ಫೆರಿನ್ ಸ್ಯಾಚುರೇಶನ್ ಪರೀಕ್ಷೆ ಬೇಕಾ ಅಂತ ವೈದ್ಯರನ್ನು ಕೇಳಬೇಕು.

ಇನ್ನೊಂದು ಸೂಕ್ಷ್ಮ ಇದೆ. ಲ್ಯಾಬ್ ರಿಪೋರ್ಟಿನಲ್ಲಿ ಫೆರಿಟಿನ್ 30 ಅಥವಾ 40 ಬಂದರೂ ‘ನಾರ್ಮಲ್’ ಅಂತ ಇರಬಹುದು. ಆದರೆ ಈ ಕಾಯಿಲೆ ಇರುವ ದೊಡ್ಡವರಿಗೆ ಫೆರಿಟಿನ್ 75 ಅಥವಾ ಅದಕ್ಕಿಂತ ಕಡಿಮೆ ಇದ್ದರೆ, ಇಲ್ಲವೇ ಸ್ಯಾಚುರೇಶನ್ ಶೇ. 20ಕ್ಕಿಂತ ಕಡಿಮೆ ಇದ್ದರೆ ಕಬ್ಬಿಣಾಂಶ ಕೊಡಬೇಕೇ ಎಂದು ವೈದ್ಯರು ಯೋಚಿಸುತ್ತಾರೆ. ಜ್ವರ, ಸೋಂಕು ಇದ್ದಾಗ ಫೆರಿಟಿನ್ ಸುಳ್ಳೇ ಜಾಸ್ತಿ ತೋರಿಸುತ್ತೆ. ಹುಷಾರಾದ ಮೇಲೆ, ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಮಾಡಿಸುವುದು ಸರಿ. ಜೊತೆಗೆ ಸಕ್ಕರೆ ಮತ್ತು ಕಿಡ್ನಿ ಪರೀಕ್ಷೆಯೂ ಆಗಬೇಕು.

ಗಂಡಸರಿಗೆ ಅಥವಾ ಮುಟ್ಟು ನಿಂತ ಹೆಂಗಸರಿಗೆ ಕಬ್ಬಿಣಾಂಶ ಕಡಿಮೆ ಬಂದರೆ ಬರೀ ಮಾತ್ರೆ ತಗೊಂಡು ಸುಮ್ಮನಾಗಬಾರದು. ಹೊಟ್ಟೆ, ಕರುಳಿನಲ್ಲಿ ಎಲ್ಲಾದರೂ ರಕ್ತ ಸೋರುತ್ತಿದೆಯಾ ಅಂತ ನೋಡಿಸಲೇಬೇಕು.

ಕಬ್ಬಿಣದ ಮಾತ್ರೆ: ಹೇಗೆ ತಗೊಂಡರೆ ಹತ್ತುತ್ತೆ?

ಪರೀಕ್ಷೆ ಮಾಡಿಸದೆ ತಿಂಗಳುಗಟ್ಟಲೆ ಕಬ್ಬಿಣದ ಮಾತ್ರೆ ನುಂಗುವುದು ತಪ್ಪು. ದೇಹದಲ್ಲಿ ಕಬ್ಬಿಣ ಜಾಸ್ತಿಯಾದರೂ ಅಪಾಯ. ವೈದ್ಯರು ಬರೆದುಕೊಟ್ಟರೆ ದಿನಕ್ಕೊಂದು ಅಥವಾ ಅವರು ಹೇಳಿದಂತೆ ದಿನ ಬಿಟ್ಟು ದಿನ ತೆಗೆದುಕೊಳ್ಳಬೇಕು. ನಿಂಬೆಹಣ್ಣಿನ ಶರಬತ್ತಿನ ಜೊತೆ ತಗೊಂಡರೆ ಒಳ್ಳೆಯದು. ಟೀ, ಕಾಫಿ, ಹಾಲು, ಕ್ಯಾಲ್ಸಿಯಂ ಮಾತ್ರೆ ಜೊತೆಗೆ ತಗೊಂಡರೆ ದೇಹಕ್ಕೆ ಹತ್ತಲ್ಲ. ನಡುವೆ ಕನಿಷ್ಠ ಎರಡು ಗಂಟೆ ಅಂತರ ಇರಲಿ. ಮಲ ಕಪ್ಪಾಗುತ್ತೆ, ಹೆದರಬೇಕಿಲ್ಲ. ಫಲ ಕಾಣಲು ವಾರಗಳಲ್ಲ, ಎರಡು ಮೂರು ತಿಂಗಳೇ ಬೇಕಾಗಬಹುದು. ಮಾತ್ರೆ ಆಗದವರಿಗೆ ಆಸ್ಪತ್ರೆಯಲ್ಲಿ ಡ್ರಿಪ್ ಮೂಲಕ ಕೊಡುವ ದಾರಿಯೂ ಇದೆ. ಚಿಕ್ಕ ಮಕ್ಕಳ ಕೈಗೆ ಈ ಮಾತ್ರೆ ಸಿಗಬಾರದು, ಜಾಸ್ತಿ ನುಂಗಿದರೆ ಪ್ರಾಣಕ್ಕೇ ಕುತ್ತು.

ಗರ್ಭಿಣಿಯರಿಗೆ 60 ಮಿಲಿಗ್ರಾಂ ಕಬ್ಬಿಣ ಇರುವ ಕೆಂಪು ಮಾತ್ರೆಯನ್ನು ಪ್ರಾಥಮಿಕ ಆರೋಗ್ಯ ಕೇಂದ್ರ ಮತ್ತು ಆಶಾ ಕಾರ್ಯಕರ್ತೆಯರ ಮೂಲಕ ಉಚಿತವಾಗಿ ಕೊಡಲಾಗುತ್ತೆ. ಕನಿಷ್ಠ 180 ದಿನ ತಗೋಬೇಕು. ಅದನ್ನು ಡಬ್ಬಿಯಲ್ಲೇ ಇಟ್ಟುಬಿಡುವುದು ಬೇಡ.

ಊಟದಲ್ಲಿ ನುಗ್ಗೆ ಸೊಪ್ಪು, ದಂಟಿನ ಸೊಪ್ಪು, ಮೊಳಕೆ ಹುರುಳಿ, ಎಳ್ಳು, ತಿನ್ನುವವರಿಗೆ ಮಾಂಸ, ಮೀನು ಇರಲಿ. ಜೊತೆಗೆ ನೆಲ್ಲಿಕಾಯಿ, ಸೀಬೆಹಣ್ಣು. ಊಟ ಆದ ಕೂಡಲೇ ಟೀ ಕುಡಿಯುವ ಅಭ್ಯಾಸ ಬಿಟ್ಟರೆ ತಿಂದದ್ದು ಮೈಗೆ ಹತ್ತುತ್ತೆ. ಆದರೆ ದಾಸ್ತಾನು ತೀರಾ ಖಾಲಿಯಾಗಿದ್ದರೆ ಊಟ ಒಂದರಿಂದಲೇ ತುಂಬೋದು ಕಷ್ಟ.

ಈ ಮಾತ್ರೆಗಳ ಬಗ್ಗೆ ಎಚ್ಚರ

ನೆಗಡಿ, ತುರಿಕೆಗೆ ಕೊಡುವ ಮಂಪರು ಬರಿಸುವ ಮಾತ್ರೆಗಳು (ಕ್ಲೋರ್‌ಫೆನಿರಮೈನ್, ಡೈಫೆನ್‌ಹೈಡ್ರಮೈನ್, ಪ್ರೊಮೆಥಜೀನ್), ವಾಂತಿಗೆ ಕೊಡುವ ಮೆಟೊಕ್ಲೋಪ್ರಮೈಡ್, ಖಿನ್ನತೆಗೆ ಮತ್ತು ಮಾನಸಿಕ ಕಾಯಿಲೆಗೆ ಕೊಡುವ ಹಲವು ಮಾತ್ರೆಗಳು ಕಾಲಿನ ಚಡಪಡಿಕೆಯನ್ನು ಕೆರಳಿಸಬಹುದು. ನಿದ್ದೆ ಬರಲಿ ಅಂತ ನೆಗಡಿ ಮಾತ್ರೆ ನುಂಗಿದವರು ಮಂಪರಿನಲ್ಲೇ ರಾತ್ರಿಯಿಡೀ ಕಾಲು ಒದ್ದಾಡಿಸುವುದು ಇದೇ ಕಾರಣಕ್ಕೆ. ಆದರೆ ವೈದ್ಯರು ಬರೆದುಕೊಟ್ಟ ಮಾನಸಿಕ ಕಾಯಿಲೆ ಮಾತ್ರೆಯನ್ನು ಸ್ವಂತ ಬುದ್ಧಿಯಿಂದ ನಿಲ್ಲಿಸಬಾರದು. ಬದಲಿ ಮಾತ್ರೆ ಇದೆಯಾ ಅಂತ ಅವರನ್ನೇ ಕೇಳಬೇಕು.

ಸಂಜೆ ಮೇಲಿನ ಟೀ, ಕಾಫಿ, ಬೀಡಿ, ಸಿಗರೇಟು, ಗುಟ್ಕಾ ಕೂಡ ಕೆಲವರಿಗೆ ತೊಂದರೆ ಏರಿಸುತ್ತವೆ. ‘ಒಂದು ಪೆಗ್ ಹಾಕಿದ್ರೆ ನಿದ್ದೆ ಬರುತ್ತೆ’ ಅನ್ನೋದು ಮೊದಲ ಎರಡು ಗಂಟೆಗೆ ಮಾತ್ರ ನಿಜ. ಆಮೇಲೆ ಕಾಲೂ ಎಚ್ಚರ, ಮನುಷ್ಯನೂ ಎಚ್ಚರ.

ರಾತ್ರಿ ಮನೆಯಲ್ಲಿ ಏನು ಮಾಡಬಹುದು?

ಮಲಗುವ ಮುನ್ನ ಗೋಡೆಗೆ ಕೈ ಕೊಟ್ಟು, ಒಂದು ಕಾಲು ಹಿಂದಿಟ್ಟು, ಹಿಮ್ಮಡಿ ನೆಲಕ್ಕೆ ಊರಿ ಮೀನಖಂಡವನ್ನು ಅರ್ಧ ನಿಮಿಷ ಎಳೆದು ಬಿಡುವುದು, ಹೀಗೆ ಮೂರು ನಾಲ್ಕು ಸಲ. ಕಾಲನ್ನು ಕೈಯಿಂದ ಚೆನ್ನಾಗಿ ನೀವುವುದು, ಉಗುರು ಬೆಚ್ಚಗಿನ ನೀರಿನಲ್ಲಿ ಕಾಲಿಡುವುದು. ಕೆಲವರಿಗೆ ತಣ್ಣೀರೇ ಹಿತ. ಯಾವುದು ಒಗ್ಗುತ್ತೋ ಅದು. ಸಕ್ಕರೆ ಕಾಯಿಲೆಯವರು ನೀರಿನ ಬಿಸಿಯನ್ನು ಪಾದದಿಂದ ನೋಡದೆ ಮೊಣಕೈಯಿಂದ ನೋಡಬೇಕು. ಕಾಲಿಗೆ ಬಟ್ಟೆ ಬಿಗಿಯಾಗಿ ಕಟ್ಟಿಕೊಂಡು ಮಲಗುವ ಅಭ್ಯಾಸ ಬೇಡ, ರಕ್ತ ಸಂಚಾರಕ್ಕೆ ತೊಂದರೆ.

ದಿನಾ ಅರ್ಧ ಗಂಟೆ ನಡಿಗೆ ಒಳ್ಳೆಯದು, ಆದರೆ ರಾತ್ರಿ ಹೊತ್ತು ಮೈ ಮುರಿಯುವ ವ್ಯಾಯಾಮ ಬೇಡ. ಗಮನ ಬೇರೆ ಕಡೆ ಹೋದರೂ ಕಾಲು ತಣ್ಣಗಾಗುತ್ತೆ. ಅದಕ್ಕೇ ದಿನದ ಲೆಕ್ಕ ಬರೆಯುವುದು, ಪದಬಂಧ ಬಿಡಿಸುವುದನ್ನು ಕಾಲು ಕಾಡುವ ಹೊತ್ತಿಗೆ ಇಟ್ಟುಕೊಳ್ಳಬಹುದು. ದೂರದ ಬಸ್ಸಿನಲ್ಲಿ ಕಿಟಕಿ ಬದಿ ಬಿಟ್ಟು ಓಡಾಡುವ ದಾರಿ ಬದಿಯ ಸೀಟು ಹಿಡಿದರೆ ಕಾಲು ಚಾಚಲು ಜಾಗ ಸಿಗುತ್ತೆ.

ಔಷಧಿ ಇದೆಯಾ?

ಇದೆ. ವಾರದಲ್ಲಿ ಹಲವು ರಾತ್ರಿ ನಿದ್ದೆ ಕೆಡುತ್ತಿದ್ದರೆ ಈಗ ತಜ್ಞರು ಮೊದಲು ಯೋಚಿಸುವುದು ಗ್ಯಾಬಾಪೆಂಟಿನ್, ಪ್ರೀಗ್ಯಾಬಲಿನ್ ರೀತಿಯ ಔಷಧಿ. ಇವು ಮಂಪರು, ತಲೆಸುತ್ತು ತರಬಹುದು, ಕುಡಿತದ ಜೊತೆ ಅಪಾಯ, ಕಿಡ್ನಿ ತೊಂದರೆ ಇದ್ದರೆ ಪ್ರಮಾಣ ಕಡಿಮೆ ಮಾಡಬೇಕು. ಹಿಂದೆ ಪ್ರಾಮಿಪೆಕ್ಸೋಲ್, ರೋಪಿನಿರೋಲ್ ಹೆಚ್ಚು ಬಳಕೆಯಲ್ಲಿತ್ತು. ಮೊದಲು ಚೆನ್ನಾಗಿ ಕೆಲಸ ಮಾಡಿ, ವರ್ಷಗಳು ಕಳೆದಂತೆ ರಾತ್ರಿಯ ತೊಂದರೆ ಮಧ್ಯಾಹ್ನಕ್ಕೇ ಶುರುವಾಗುವುದು, ಕೈಗೂ ಹರಡುವುದು ಕಂಡುಬಂದಿದ್ದರಿಂದ ಈಗ ಅವನ್ನು ಮೊದಲ ಆಯ್ಕೆಯಾಗಿ ಕೊಡಬಾರದೆಂಬ ಸಲಹೆ ಇದೆ. ಈಗಾಗಲೇ ತೆಗೆದುಕೊಳ್ಳುತ್ತಿರುವವರು ಥಟ್ಟನೆ ನಿಲ್ಲಿಸದೆ ವೈದ್ಯರ ಜೊತೆ ಮಾತಾಡಬೇಕು. ಹಳೇ ಚೀಟಿ ತೋರಿಸಿ ಮೆಡಿಕಲ್ ಶಾಪಿನಲ್ಲಿ ತಾವೇ ತಗೊಳ್ಳುವ ಔಷಧಿಗಳಲ್ಲ ಇವು.

ಇವು ಕಂಡರೆ ಕಾಯಬಾರದು

ಒಂದೇ ಕಾಲು ಊದಿ, ಬಿಸಿಯಾಗಿ, ನೋವಾದರೆ ರಕ್ತನಾಳದಲ್ಲಿ ಹೆಪ್ಪುಗಟ್ಟಿರಬಹುದು. ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಜೊತೆಗೆ ಎದೆನೋವು, ಉಸಿರಾಟದ ತೊಂದರೆ ಇದ್ದರೆ 108ಕ್ಕೆ ಕರೆ ಮಾಡಬೇಕು. ಕಾಲಿನ ಶಕ್ತಿ ಕುಗ್ಗುವುದು, ಪಾದದಲ್ಲಿ ಆರದ ಗಾಯ, ಮಾತ್ರೆ ತಗೊಳ್ಳದೆಯೂ ಮಲ ಕಪ್ಪಾಗುವುದು ಇದ್ದರೂ ತಡ ಮಾಡಬಾರದು.

ಆಸ್ಪತ್ರೆಗೆ ಹೋಗುವಾಗ ಚೀಟಿಯಲ್ಲಿ ಬರೆದುಕೊಳ್ಳಿ

* ಎಷ್ಟು ಗಂಟೆಗೆ ಶುರುವಾಗುತ್ತೆ, ವಾರಕ್ಕೆ ಎಷ್ಟು ರಾತ್ರಿ
* ನಡೆದರೆ ಕಡಿಮೆಯಾಗುತ್ತಾ
* ಈಗ ನುಂಗುತ್ತಿರುವ ಎಲ್ಲ ಮಾತ್ರೆಗಳ ಹೆಸರು, ಸಾಧ್ಯವಾದರೆ ಸ್ಟ್ರಿಪ್ಪನ್ನೇ ಕೊಂಡೊಯ್ಯಿರಿ
* ಸಂಜೆಯ ಟೀ, ಕಾಫಿ, ಹೊಗೆಸೊಪ್ಪು, ಕುಡಿತದ ಲೆಕ್ಕ
* ಮುಟ್ಟು, ಮೂಲವ್ಯಾಧಿ, ರಕ್ತದಾನದ ವಿವರ
* ಮನೆಯಲ್ಲಿ ಬೇರೆ ಯಾರಿಗಾದರೂ ಹೀಗಿದೆಯಾ

ಈ ಚೀಟಿ ಕೈಯಲ್ಲಿದ್ದರೆ ‘ಕಾಲು ನೋವು ಸಾರ್’ ಅಂದು ನೋವಿನ ಮಾತ್ರೆ ಬರೆಸಿಕೊಂಡು ಬರುವ ಬದಲು, ಸರಿಯಾದ ಪರೀಕ್ಷೆ ಮೊದಲ ದಿನವೇ ಆಗುವ ಸಾಧ್ಯತೆ ಹೆಚ್ಚು.